ಮಿಲಾನಿಗೆ ಅವರು, ಮಳೆಗೆ ನಾನು

ಪ್ರಶ್ನೆ

ಮೇಡಂ, ನನಗೆ 37 ವರ್ಷ. ತವರು ತುಮಕೂರು ಕಡೆ, ಗಂಡನ ಮನೆ ಮೈಸೂರು, ಸಂಸಾರ ಹೂಡಿರುವುದು ಚೆನ್ನೈನ ಪೆರುಂಗುಡಿಯಲ್ಲಿ. ಇಬ್ಬರೂ ಓಎಂಆರ್ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುತ್ತೇವೆ. ಒಂಬತ್ತು ವರ್ಷದ ಮಗನಿದ್ದಾನೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಂಡಿನೋವಿನಿಂದ ಅವರು ಮೆಟ್ಟಿಲು ಹತ್ತಲಾರರು, ಅದಕ್ಕೇ ನೆಲಮಹಡಿಯ ಮನೆ ಹಿಡಿದಿದ್ದೇವೆ.

ನಮ್ಮನೆಯವರಿಗೆ ಬೈಕ್ ಅಂದರೆ ಪ್ರಾಣ. ಮಾವನವರ ಕಾಲದ ಯೆಜ್ದಿ ಒಂದು, ಸಾಲದಲ್ಲಿ ತಗೊಂಡ ಇಂಟರ್‌ಸೆಪ್ಟರ್ ಒಂದು. ಭಾನುವಾರ ಬೆಳಗಿನ ಜಾವ ಎದ್ದು ಸ್ನೇಹಿತರ ಜೊತೆ ಇಸಿಆರ್ ರಸ್ತೆಯಲ್ಲಿ ಮಹಾಬಲಿಪುರದವರೆಗೆ ಹೋಗಿ, ತಿಂಡಿ ತಿಂದು ವಾಪಸ್ ಬರುತ್ತಾರೆ. ಅದಕ್ಕೆ ನಾನು ಯಾವತ್ತೂ ಬೇಡ ಅಂದವಳಲ್ಲ.

ಈಗ ನವೆಂಬರ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆಯುವ ದೊಡ್ಡ ಬೈಕ್ ಪ್ರದರ್ಶನಕ್ಕೆ ಮೂವರು ಸ್ನೇಹಿತರ ಜೊತೆ ಹೊರಟಿದ್ದಾರೆ. ಗುರುವಾರ ರಾತ್ರಿ ಹೊರಟು ಸೋಮವಾರ ರಾತ್ರಿ ವಾಪಸ್. ಖರ್ಚು ಒಂದೂಮುಕ್ಕಾಲು ಲಕ್ಷ. ವೀಸಾಗೆ ಬೆರಳಚ್ಚು ಕೊಟ್ಟು ಬಂದ ಮೇಲೆ ನನಗೆ ಹೇಳಿದರು. "ನಾಲ್ಕೇ ದಿನ ಕಣೇ" ಅಂದರು. ನಾನು ರೇಗಿದಾಗ "ಹಾಗಾದರೆ ನೀನೂ ಬಾ" ಅಂದರು. ಅತ್ತೆ "ಹೋಗಿಬರಲಿ ಬಿಡಮ್ಮ, ಎಷ್ಟು ದುಡೀತಾನೆ" ಅನ್ನುತ್ತಾರೆ. ಅದು ಮಳೆಗಾಲ ಅಂತ ನಾನು ಹೇಳಿದರೆ ಮೈಸೂರಿನಿಂದ ನಾದಿನಿ ಫೋನಿನಲ್ಲಿ "ನವೆಂಬರ್‌ನಲ್ಲಿ ಎಂಥ ಮಳೆ ಅತ್ತಿಗೆ?" ಅಂತ ನಗುತ್ತಾಳೆ.

2023ರ ಡಿಸೆಂಬರ್ ಮಳೆಯಲ್ಲಿ ಅವರು ಆಫೀಸ್ ಕೆಲಸದ ಮೇಲೆ ಪುಣೆಯಲ್ಲಿದ್ದರು. ಮನೆಯೊಳಗೆ ಮೊಣಕಾಲಿನವರೆಗೆ ನೀರು. ವಾಚ್‌ಮನ್ ಮತ್ತು ನಾನು ಸೇರಿ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿ ಮೊದಲ ಮಹಡಿಯವರ ಮನೆಗೆ ಸೇರಿಸಿದೆವು. ಮೂರು ದಿನ ಕರೆಂಟ್ ಇರಲಿಲ್ಲ. ನೀರಿಳಿದ ಮೇಲೆ ನಮ್ಮನೆಯವರು ಬಂದರು. ಮೊದಲು ಬೇಸ್‌ಮೆಂಟಿಗೆ ಇಳಿದು ಗಾಡಿಗಳನ್ನು ನೋಡಿಕೊಂಡು, ಆಮೇಲೆ ಮೇಲೆ ಬಂದರು. ಅದೆಲ್ಲ ಮುಗಿದ ಕಥೆ, ಬಿಡಿ.

ಎರಡು ದಿನ ಬೈಕ್ ನೋಡುವುದಕ್ಕೆ ಸಮುದ್ರ ದಾಟಿ ಹೋಗುವುದು ಹುಚ್ಚಲ್ಲವೇ? ನಾನು ತಡೆದರೆ ಸಣ್ಣವಳಾಗುತ್ತೇನೆಯೇ? ಇನ್ನೊಂದು: ಭಾನುವಾರ ಅಲ್ಲಿ ಬಾಡಿಗೆಗೆ ಬೈಕ್ ತಗೊಂಡು ಕೋಮೋ ಸರೋವರದ ಕಡೆ ಹೋಗುವ ಯೋಚನೆಯೂ ಇದೆಯಂತೆ. ಅದನ್ನು ಕೇಳಿ ಇನ್ನೂ ಭಯ.

— ಹೆಸರು ಬೇಡ, ಪೆರುಂಗುಡಿ, ಚೆನ್ನೈ

ಉತ್ತರ

ಮೊದಲು ಸುಲಭದ ಪ್ರಶ್ನೆ. ಹುಚ್ಚೇನೂ ಅಲ್ಲ. ದುಬಾರಿ ಹವ್ಯಾಸ, ಅಷ್ಟೆ. ಅವರು ಹೊರಟಿರುವುದು ಐಕ್ಮಾ ಎಂಬ ಪ್ರದರ್ಶನಕ್ಕೆ. 1914ರಲ್ಲಿ ಶುರುವಾದದ್ದು; ಬೈಕಿನವರಿಗೆ ಇದಕ್ಕಿಂತ ದೊಡ್ಡ ಜಾತ್ರೆ ಇನ್ನೊಂದಿಲ್ಲ. ಮಿಲಾನ್ ಊರಿನ ಅಂಚಿನಲ್ಲಿ ರೋ ಎಂಬ ಜಾಗ. ಅಲ್ಲಿ ಮೆಟ್ರೊದ ಕೆಂಪು ಮಾರ್ಗ ಮುಗಿಯುವ ನಿಲ್ದಾಣದ ಪಕ್ಕದಲ್ಲೇ ವಾಸ್ತುಶಿಲ್ಪಿ ಮಾಸ್ಸಿಮಿಲಿಯಾನೊ ಫುಕ್ಸಾಸ್ ರೂಪಿಸಿದ ಪ್ರದರ್ಶನ ಕೇಂದ್ರವಿದೆ. ನಡುವಿನ ಓಡಾಟದ ದಾರಿಯೇ ಒಂದು ಕಿಲೋಮೀಟರಿಗಿಂತ ಉದ್ದ, ಅದರ ಮೇಲೆ ಅಲೆ ಎದ್ದಂತೆ ಗಾಜು–ಉಕ್ಕಿನ ಚಾವಣಿ. ಮೊದಲೆರಡು ದಿನ ಪತ್ರಕರ್ತರಿಗೆ, ವ್ಯಾಪಾರದವರಿಗೆ. ಗುರುವಾರದಿಂದ ಭಾನುವಾರದವರೆಗೆ ನಿಮ್ಮ ಯಜಮಾನರಂಥವರಿಗೆ. 2024ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಯೂಟ್ಯೂಬಿನಲ್ಲಿ ನೋಡಬಹುದಲ್ಲ ಎಂದು ನೀವು ಹೇಳಬಹುದು. ಜಂಬೂಸವಾರಿಯನ್ನು ಟಿವಿಯಲ್ಲಿ ನೋಡಿದರೆ ಸಾಲದೇ ಎಂದು ನಿಮ್ಮ ಅತ್ತೆಯವರನ್ನು ಒಮ್ಮೆ ಕೇಳಿ ನೋಡಿ, ಏನು ಉತ್ತರ ಬರುತ್ತದೆ ಅಂತ.

ನಿಮ್ಮ ಬೇಸ್‌ಮೆಂಟಿನಲ್ಲಿ ನಿಂತಿರುವ ಇಂಟರ್‌ಸೆಪ್ಟರ್ ಗಾಡಿಗೂ ಆ ಜಾಗಕ್ಕೂ ನಂಟಿದೆ. ಅದನ್ನು ತಯಾರಿಸುವ ರಾಯಲ್ ಎನ್‌ಫೀಲ್ಡ್ ಮೂಲದಲ್ಲಿ ಬ್ರಿಟನ್ನಿನ ಹೆಸರು; 1955ರಿಂದ ಮದ್ರಾಸಿನದ್ದೂ ಆಯಿತು. ತಿರುವೊಟ್ಟಿಯೂರಿನ ಹಳೆಯ ಕಾರ್ಖಾನೆ, ಆಮೇಲೆ ಒರಗಡಂ, ವಲ್ಲಂ ವಡಗಾಲ್, ಎಲ್ಲವೂ ನಿಮ್ಮ ಮನೆಯಿಂದ ಕಾರಿನಲ್ಲಿ ಹೋಗಿಬರುವ ದೂರ. ಆದರೆ ಇಂಟರ್‌ಸೆಪ್ಟರ್ 650ರ ಮುಸುಕು ತೆಗೆದದ್ದು 2017ರ ನವೆಂಬರ್‌ನಲ್ಲಿ, ಮಿಲಾನಿನ ಇದೇ ಪ್ರದರ್ಶನದಲ್ಲಿ. ಇಲ್ಲಿನ ಶೋರೂಮಿಗೆ ಅದು ಬಂದದ್ದು ಒಂದು ವರ್ಷದ ನಂತರ. 2024ರಲ್ಲಿ ಕ್ಲಾಸಿಕ್ 650 ಕೂಡ ಅಲ್ಲೇ ಮೊದಲು ಕಾಣಿಸಿತು. ಚೆನ್ನೈನ ಗಾಡಿಯನ್ನು ಮೊದಲು ನೋಡಲು ಚೆನ್ನೈನವರು ಮಿಲಾನಿಗೆ ಹೋಗಬೇಕು! ನಗು ಬರುತ್ತದೆ, ಆದರೆ ಗೀಳು ಹತ್ತಿದವರಿಗೆ ಇದು ನಗುವ ವಿಷಯವಲ್ಲ.

ಇನ್ನು ಮಾವನವರ ಯೆಜ್ದಿ. ಮೈಸೂರಿನ ಮನೆಯಲ್ಲಿ ಯೆಜ್ದಿ ಅಂದರೆ ಬರೀ ಗಾಡಿ ಅಲ್ಲ ಎಂಬುದು ನಿಮಗೆ ಮದುವೆಯಾದ ವಾರದಲ್ಲೇ ಗೊತ್ತಾಗಿರಬೇಕು. ಚೆಕ್ ದೇಶದ ಜಾವಾ ಬೈಕನ್ನು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ತಯಾರಿಸಲು ತೊಡಗಿತು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಯೆಜ್ದಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ನಿಂತಿತು. ಆ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಸ್ಟಾರ್ಟ್ ಮಾಡಿ, ಅದೇ ಲಿವರನ್ನು ಮುಂದಕ್ಕೆ ತಿರುಗಿಸಿದರೆ ಗೇರ್. ಬೇರೆ ಗಾಡಿ ಓಡಿಸಿ ರೂಢಿಯಾದವರು ಯೆಜ್ದಿ ಹತ್ತಿದರೆ ಕಾಲು ತಡಕಾಡುತ್ತದೆ. ಅಪ್ಪ ಅದನ್ನು ಹೇಳಿಕೊಟ್ಟ ಮಧ್ಯಾಹ್ನ ಯಾವ ಮಗನೂ ಮರೆಯುವಂಥದ್ದಲ್ಲ. ಬೆಂಗಳೂರಿನಲ್ಲಿ ಪ್ರತಿ ವರ್ಷ ಜುಲೈನಲ್ಲಿ ಜಾವಾ–ಯೆಜ್ದಿ ದಿನ ಎಂದು ನೂರಾರು ಗಾಡಿಗಳು ಸೇರುತ್ತವೆ. ಎರಡು ಸೈಲೆನ್ಸರಿನ ಹೊಗೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುವ ಅರವತ್ತರ ಗಂಡಸರು ಅಲ್ಲಿ ಸಿಗುತ್ತಾರೆ. (ಹೊಗೆಗೋ ನೆನಪಿಗೋ, ಕೇಳಬಾರದು.)

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಜಗಳವನ್ನು "ಬೈಕ್ ನೋಡೋಕೆ ಇಟಲಿಗಾ?" ಎಂಬಲ್ಲಿಂದ ಶುರು ಮಾಡಬೇಡಿ. ಆ ವಾದದಲ್ಲಿ ಅವರು ಗೆಲ್ಲುತ್ತಾರೆ. ಗೆದ್ದು, ನಿಮ್ಮ ನಿಜವಾದ ಮಾತು ಕೇಳಿಸದಂತೆ ಬಾಗಿಲು ಹಾಕಿಕೊಳ್ಳುತ್ತಾರೆ. "ಅದರ ಬದಲು ಗೋವಾಕ್ಕೆ ಹೋಗಿ" ಎಂದು ಪರ್ಯಾಯ ಕೊಡಲೂ ಹೋಗಬೇಡಿ. ರಾಯಲ್ ಎನ್‌ಫೀಲ್ಡ್‌ನವರ ಮೋಟೋವರ್ಸ್ ಎಂಬ ಬೈಕ್ ಜಾತ್ರೆ ಅಲ್ಲಿ ನಡೆಯುವುದೂ ನವೆಂಬರ್‌ನಲ್ಲೇ.

ನಾಲ್ಕು ದಿನದ ಲೆಕ್ಕಕ್ಕೆ ಬರೋಣ. ಚೆನ್ನೈನಿಂದ ಮಿಲಾನಿಗೆ ನೇರ ವಿಮಾನವಿಲ್ಲ. ಕೊಲ್ಲಿ ದೇಶದ್ದೋ ಯುರೋಪಿನದ್ದೋ ಒಂದು ಊರಿನಲ್ಲಿ ಇಳಿದು ಹತ್ತಬೇಕು. ಬಾಗಿಲಿನಿಂದ ಬಾಗಿಲಿಗೆ ಹದಿನೈದು–ಹದಿನಾರು ಗಂಟೆಗೆ ಕಮ್ಮಿಯಿಲ್ಲ. ನವೆಂಬರ್‌ನಲ್ಲಿ ಇಟಲಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಗುರುವಾರ ರಾತ್ರಿಯ ವಿಮಾನಕ್ಕೆ ಆ ಮಧ್ಯಾಹ್ನದಿಂದಲೇ ಅವರ ಮನಸ್ಸು ಮನೆಯಲ್ಲಿರುವುದಿಲ್ಲ. ಸೋಮವಾರ ರಾತ್ರಿ ಬಂದವರು ಮಂಗಳವಾರ ಆಫೀಸಿನಲ್ಲಿ ತೂಕಡಿಸುತ್ತಾರೆ, ಬುಧವಾರದವರೆಗೆ ಮಗನ ಹೋಂವರ್ಕಿಗೆ ಕೂರುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರ ಲೆಕ್ಕಕ್ಕೆ ನಾಲ್ಕು ದಿನ, ನಿಮ್ಮ ಲೆಕ್ಕಕ್ಕೆ ಒಂದು ವಾರ. ಎರಡೂ ಲೆಕ್ಕ ಸರಿಯೇ. ಒಂದು ಹಾಳೆಯ ಮೇಲೆ ಬರೆದು ತೋರಿಸಿ; ಎಂಜಿನಿಯರ್‌ಗಳಿಗೆ ಬಾಯಿಮಾತಿಗಿಂತ ಹಾಳೆ ಬೇಗ ಅರ್ಥವಾಗುತ್ತದೆ.

ಈಗ ಮಳೆಯ ವಿಷಯ. ನಿಮ್ಮ ನಾದಿನಿಯ ಮೇಲೆ ಬೇಜಾರು ಮಾಡಿಕೊಳ್ಳಬೇಡಿ, ಆಕೆ ನಗುವುದರಲ್ಲಿ ಕುಹಕವಿಲ್ಲ. ನಮ್ಮ ಕಡೆ ಮಳೆ ಅಂದರೆ ಜೂನ್, ಜುಲೈ. ಮೈಸೂರು, ತುಮಕೂರು ಕಡೆಯವರ ಲೆಕ್ಕದಲ್ಲಿ ನವೆಂಬರ್ ಅಂದರೆ ರಾಗಿ ಕೊಯ್ಲು, ಹಿತವಾದ ಚಳಿ, ಕಾರ್ತಿಕದ ದೀಪ. ಹಿಂಗಾರಿನಲ್ಲಿ ಒಂದೆರಡು ಹನಿ ಬಿದ್ದರೆ ಬಣವೆಗೆ ಟಾರ್ಪಾಲು ಹೊದಿಸುವ ಗಡಿಬಿಡಿ, ಅಷ್ಟೆ. ಅದೇ ಹಿಂಗಾರು ಚೆನ್ನೈನಲ್ಲಿ ಮುಖ್ಯ ಮಳೆಗಾಲ. ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಸುರಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಎರಡು ದಿನದಲ್ಲಿ ಒಂದು ತಿಂಗಳ ಮಳೆ ಬಂದು ಹೋಗುತ್ತದೆ.

ಅದರಲ್ಲೂ ನೀವಿರುವುದು ಪೆರುಂಗುಡಿಯಲ್ಲಿ. ಪಕ್ಕದಲ್ಲೇ ಪಳ್ಳಿಕರಣೈ ಜೌಗು ಪ್ರದೇಶ. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ದಕ್ಷಿಣ ಚೆನ್ನೈನ ಎಷ್ಟೋ ಕೆರೆಗಳ ಹೆಚ್ಚುವರಿ ನೀರು ಅಲ್ಲಿಗೆ ಹರಿದು ಬಂದು, ಒಕ್ಕಿಯಂ ಮಡುವು ದಾಟಿ, ಬಕಿಂಗ್‌ಹ್ಯಾಮ್ ಕಾಲುವೆ ಸೇರಿ ಸಮುದ್ರಕ್ಕೆ ಹೋಗಬೇಕು. ನೀರು ನಿಲ್ಲುತ್ತಿದ್ದ ಜಾಗದ ಸುತ್ತ ಐಟಿ ಕಟ್ಟಡ, ಅಪಾರ್ಟ್‌ಮೆಂಟ್, ರಸ್ತೆ ಎದ್ದ ಮೇಲೆ ನೀರು ತನ್ನ ಹಳೆಯ ವಿಳಾಸ ಹುಡುಕಿಕೊಂಡು ಬೇಸ್‌ಮೆಂಟಿಗೇ ಬರುತ್ತದೆ. 2015ರ ನೆರೆಯಲ್ಲಿ ಆದದ್ದು ಅದೇ, 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದಲ್ಲಿ ಆದದ್ದೂ ಅದೇ. ಆ ಸಲ ಪೆರುಂಗುಡಿ, ಪಳ್ಳಿಕರಣೈ, ವೇಳಚ್ಚೇರಿಗಳಲ್ಲಿ ದಿನಗಟ್ಟಲೆ ನೀರು ನಿಂತು, ದೋಣಿಯಲ್ಲಿ ಜನರನ್ನು ಸಾಗಿಸಿದ್ದನ್ನು ಇಡೀ ದೇಶ ನೋಡಿತು. ಅದರ ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಬರೀ ಮುನ್ಸೂಚನೆ ಬಂದದ್ದಕ್ಕೇ ವೇಳಚ್ಚೇರಿಯವರು ಕಾರುಗಳನ್ನು ಮೇಲ್ಸೇತುವೆಗೆ ತಂದು ಸಾಲಾಗಿ ನಿಲ್ಲಿಸಿದ್ದರು. ದಂಡ ಹಾಕುತ್ತಾರೆ ಅಂದರೂ ಜನ ಕದಲಲಿಲ್ಲ. ಅವರನ್ನು ನೋಡಿ ನಗುವವರು ಒಮ್ಮೆ ನೆಲಮಹಡಿಯಲ್ಲಿ ಮಲಗಿ ನೋಡಲಿ.

ಹಾಗಾಗಿ ನಿಮ್ಮ ಭಯ ನೆಪವಲ್ಲ, ಸಣ್ಣತನವೂ ಅಲ್ಲ. ಮೆಟ್ಟಿಲು ಹತ್ತಲಾಗದ ಹಿರಿಯರನ್ನು ನೆಲಮಹಡಿಯಲ್ಲಿ ಇಟ್ಟುಕೊಂಡ ಪೆರುಂಗುಡಿಯ ಮನೆಯೊಡತಿ ನವೆಂಬರ್‌ನಲ್ಲಿ ಹೆದರದಿದ್ದರೆ ನಾನು ಆಕೆಯ ಬಗ್ಗೆ ಯೋಚನೆ ಮಾಡುತ್ತಿದ್ದೆ.

ಆದರೆ ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ನನ್ನ ಕಣ್ಣು ನಿಂತದ್ದು ಮಿಲಾನಿನ ಮೇಲೂ ಅಲ್ಲ, ಮುಂದಿನ ಮಳೆಯ ಮೇಲೂ ಅಲ್ಲ. "ಮೊದಲು ಬೇಸ್‌ಮೆಂಟಿಗೆ ಇಳಿದು ಗಾಡಿಗಳನ್ನು ನೋಡಿಕೊಂಡು, ಆಮೇಲೆ ಮೇಲೆ ಬಂದರು." ಖರ್ಚು ಎಷ್ಟೆಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ನೀವು, ಕುರ್ಚಿಯ ವಿಷಯವನ್ನು ಕುರ್ಚಿ ಸಮೇತ ಬರೆದಿದ್ದೀರಿ. ಅಷ್ಟು ಬರೆದು, ತಕ್ಷಣ "ಮುಗಿದ ಕಥೆ, ಬಿಡಿ" ಅಂದಿದ್ದೀರಿ. ಮುಗಿದ ಕಥೆಯನ್ನು ಯಾರೂ ಹೀಗೆ ಬರೆಯುವುದಿಲ್ಲ. ನಿಮಗೆ ನೋವು ಕೊಟ್ಟದ್ದು ಅವರು ಪುಣೆಯಲ್ಲಿ ಇದ್ದದ್ದಲ್ಲ, ಅದು ಅವರ ಕೈಯಲ್ಲಿರಲಿಲ್ಲ. ಬಂದ ಮೇಲೆ ಮೊದಲು ಯಾರನ್ನು ನೋಡಿದರು ಎಂಬುದು. ಆವತ್ತಿನಿಂದ ಇವತ್ತಿನವರೆಗೆ ಈ ಮಾತನ್ನು ಅವರ ಎದುರು ಎತ್ತಿದ್ದೀರಾ? ಪತ್ರದಲ್ಲಿ ಅದರ ಸುಳಿವಿಲ್ಲ. ಇಲ್ಲ ಅಂತಲೇ ಅಂದುಕೊಳ್ಳುತ್ತೇನೆ.

ಅವರ ಪರವಾಗಿಯೂ ಒಂದು ಮಾತು. ಬೇಸ್‌ಮೆಂಟಿಗೆ ಇಳಿದ ಮನುಷ್ಯನಿಗೆ ಹೆಂಡತಿಗಿಂತ ಗಾಡಿ ಹೆಚ್ಚು ಎಂದು ನಾನು ತೀರ್ಪು ಕೊಡಲಾರೆ. ಮನೆಗೆ ನೀರು ನುಗ್ಗಿದಾಗ ಊರಿನಲ್ಲಿಲ್ಲದ ಗಂಡಸು ಅವಮಾನ ಹೊತ್ತುಕೊಂಡೇ ವಾಪಸ್ ಬರುತ್ತಾನೆ. ಎದುರಾಗಬೇಕಾದ ಮುಖಕ್ಕಿಂತ ಕೆಸರು ಮೆತ್ತಿದ ಕಾರ್ಬುರೇಟರ್ ಅವನಿಗೆ ಸುಲಭ. ಗಾಡಿ ಅಪ್ಪನದ್ದು ಎಂಬುದೂ ಇದೆ. ಆದರೆ ಇದು ನನ್ನ ಊಹೆ. ನಿಜ ಏನೆಂದು ಹೇಳಬೇಕಾದವರು ಅವರು. ನೀವು ಕೇಳದೆ ಅವರಿಗೆ ಹೇಳುವ ಅವಕಾಶವೇ ಸಿಕ್ಕಿಲ್ಲ.

ಕೇಳುವುದಕ್ಕೊಂದು ಹೊತ್ತು ನೋಡಿ. ಅತ್ತೆಯ ಎದುರು ಬೇಡ, ರಾತ್ರಿ ಮಲಗುವ ಮುಂಚೆ ಬೇಡ, ಸ್ನೇಹಿತರ ಜೊತೆ ಸುತ್ತಿ ಬಂದ ಭಾನುವಾರವಂತೂ ಬೇಡವೇ ಬೇಡ. ಮಗ ಶಾಲೆಗೆ ಹೋದ ಮೇಲೆ, ಇಬ್ಬರೂ ಮನೆಯಿಂದಲೇ ಕೆಲಸ ಮಾಡುವ ಒಂದು ದಿನ, ಕಾಫಿ ಹೊತ್ತಿನಲ್ಲಿ. ಮಾತು ಉದ್ದ ಬೇಡ. "ರೀ, ಮಿಲಾನ್ ವಿಷಯ ಆಮೇಲೆ ಮಾತಾಡೋಣ. ಅವತ್ತು ಪುಣೆಯಿಂದ ಬಂದಾಗ ನೀವು ಮೊದಲು ಬೇಸ್‌ಮೆಂಟಿಗೆ ಹೋದ್ರಿ. ನನಗೆ ಅದು ಇನ್ನೂ ಹೋಗಿಲ್ಲ." ಇಷ್ಟು ಸಾಕು. ಆಮೇಲೆ ಸುಮ್ಮನಿರಿ. ಅವರು "ಅದನ್ನ ಈಗ ಯಾಕೆ ತೆಗಿತೀಯ" ಅನ್ನಬಹುದು, ಎದ್ದು ಹೋಗಿ ಗಾಡಿ ಒರೆಸುತ್ತಾ ನಿಲ್ಲಬಹುದು. ನಿಲ್ಲಲಿ. ಎರಡು ದಿನ ಬಿಟ್ಟು ಅವರೇ ಆ ಮಾತಿಗೆ ಬರುತ್ತಾರೆ. ಬರದಿದ್ದರೆ ನನಗೆ ಮತ್ತೊಮ್ಮೆ ಬರೆಯಿರಿ, ಆಗ ನನ್ನ ಸಲಹೆ ಬೇರೆ ಇರುತ್ತದೆ.

ತಡೆಯಬೇಕೇ ಅಂದಿರಲ್ಲ, ಬೇಡ. ಕಳಿಸಿಕೊಡಿ. ಇದರಲ್ಲಿ ಸ್ವಲ್ಪ ಸ್ವಾರ್ಥದ ಲೆಕ್ಕವೂ ಇದೆ. ತಡೆದರೆ ಆ ಪ್ರವಾಸ ನಿಮ್ಮ ಹೆಸರಿನಲ್ಲಿ ಸಾಲವಾಗಿ ಉಳಿಯುತ್ತದೆ. ಮೂವರು ಸ್ನೇಹಿತರು ಅಲ್ಲಿಂದ ಕಳಿಸುವ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಬೀಳುತ್ತಿರುವಾಗ ಅವರು ನಿಮ್ಮ ಎದುರು ಕೂತು ಮೌನವಾಗಿ ಸಾರನ್ನ ಕಲಸುತ್ತಿರುತ್ತಾರೆ. ಮಳೆ ಬಾರದಿದ್ದರಂತೂ ಮುಗಿಯಿತು. ಪ್ರತಿ ನವೆಂಬರ್‌ನಲ್ಲಿ ಆ ಸಾಲಕ್ಕೆ ಬಡ್ಡಿ ಕಟ್ಟಬೇಕಾದವರು ನೀವು.

ಕಳಿಸುವುದು ಹೇಗೆ ಎಂಬುದು ಮಾತ್ರ ಮುಖ್ಯ. ವೀಸಾ, ವಿಮೆ, ಟಿಕೆಟ್, ಹೋಟೆಲ್ ಎಲ್ಲವನ್ನೂ ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ ಮನುಷ್ಯ, ತಾವಿಲ್ಲದ ಆ ವಾರಕ್ಕೆ ಮನೆಯನ್ನೂ ಜೋಡಿಸಿಟ್ಟು ಹೋಗಬೇಕು. ಜೋಡಿಸಬೇಕಾದವರು ಅವರು, ನೀವಲ್ಲ. ಹೊರಡುವ ವಾರ ನೀವು ಪಟ್ಟಿ ಬರೆದು, ನೀವೇ ಓಡಾಡಿ, ಕೊನೆಗೆ ಅವರ ಸೂಟ್‌ಕೇಸಿಗೆ ಸ್ವೆಟರ್ ಇಟ್ಟು ಕಳಿಸಿದರೆ ಈ ಪತ್ರ ಬರೆದದ್ದೇ ದಂಡ.

ಮೊದಲನೆಯದು ಅತ್ತೆಯವರ ವ್ಯವಸ್ಥೆ. ಪ್ರವಾಸದ ಹಿಂದಿನ ಶನಿವಾರವೇ ಅವರನ್ನು ಮೈಸೂರಿಗೆ ಮಗಳ ಮನೆಗೆ ಕರೆದುಕೊಂಡು ಹೋಗಿ ಬಿಟ್ಟು ಬರಲಿ. 2022ರ ನವೆಂಬರ್‌ನಿಂದ ಚೆನ್ನೈ–ಮೈಸೂರು ವಂದೇ ಭಾರತ್ ಇದೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಮೈಸೂರು, ಮೆಟ್ಟಿಲಿನ ಕಾಟವೂ ಕಡಿಮೆ. "ನವೆಂಬರ್‌ನಲ್ಲಿ ಎಂಥ ಮಳೆ" ಎಂದ ನಾದಿನಿಗೂ ಹತ್ತು ದಿನ ಅಮ್ಮನ ಸೇವೆ ಮಾಡುವ ಪುಣ್ಯ ಸಿಗಲಿ. ಅತ್ತೆ ಒಪ್ಪದಿದ್ದರೆ, ಆ ನಾಲ್ಕು ರಾತ್ರಿ ಮೊದಲ ಮಹಡಿಯವರ ಮನೆಯಲ್ಲಿ ಜಾಗ ಆಗುತ್ತದೆಯೇ ಎಂದು ನಿಮ್ಮ ಯಜಮಾನರೇ ಹೋಗಿ ಕೇಳಿ ಬರಬೇಕು. ಆವತ್ತು ಕುರ್ಚಿ ಬರಮಾಡಿಕೊಂಡ ಮನೆಗೆ ಅವರು ಇಲ್ಲಿಯವರೆಗೆ ಥ್ಯಾಂಕ್ಸ್ ಹೇಳಿದ್ದಾರೋ ಇಲ್ಲವೋ. ಹೇಳಿಲ್ಲವಾದರೆ ಅದೂ ಆಗಿಹೋಗುತ್ತದೆ.

ಕ್ಯಾನ್ ನೀರು ಎರಡು ಹೆಚ್ಚಿಗೆ, ಇನ್ವರ್ಟರ್ ಬ್ಯಾಟರಿಗೆ ನೀರು, ಅತ್ತೆಯ ಮಾತ್ರೆ, ಹಾಲಿನ ಪುಡಿ ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಗೊತ್ತಿದ್ದೂ ಜನ ಮರೆಯುವುದು ಸಂಪು. ಹೊರಗಿನ ನೀರು ಸಂಪಿಗೆ ಸೇರಿದರೆ ಮಳೆ ನಿಂತ ಮೇಲೂ ವಾರಗಟ್ಟಲೆ ತಾಪತ್ರಯ. ಮುಚ್ಚಳಕ್ಕೆ ಕಟ್ಟೆ ಎತ್ತರಿಸುವ ಬಗ್ಗೆ ಅಸೋಸಿಯೇಷನ್ ಹತ್ತಿರ ಮಾತಾಡಿ ಮುಗಿಸಿಯೇ ಅವರು ಹೊರಡಲಿ. ಮತ್ತೆ ಆ ಎರಡು ಗಾಡಿ. ಅವನ್ನು ಎತ್ತರದ ಜಾಗದಲ್ಲಿರುವ ಸ್ನೇಹಿತರ ಮನೆಗೆ ಮೊದಲೇ ಸಾಗಿಸಿ ಹೋಗಬೇಕು. ಮಳೆ ಬಂದಾಗ ನೀವು ಮಗನ ಕೈ ಹಿಡಿದುಕೊಳ್ಳಬೇಕೋ, ಯೆಜ್ದಿ ತಳ್ಳಬೇಕೋ ಎಂಬ ಪ್ರಶ್ನೆ ಹುಟ್ಟಲೇಬಾರದು.

ಇನ್ನೊಂದು ತೀರ್ಮಾನ ಈಗಲೇ ಆಗಬೇಕು. ಹೊರಡುವ ಹಿಂದಿನ ದಿನ, ಬುಧವಾರ ಸಂಜೆ, ನುಂಗಂಬಾಕ್ಕಂ ಹವಾಮಾನ ಕೇಂದ್ರದ ಮುನ್ಸೂಚನೆ ನೋಡುವುದು. ಕೊಲ್ಲಿಯಲ್ಲಿ ವಾಯುಭಾರ ಕುಸಿತವೆದ್ದು ಚೆನ್ನೈ ಕಡೆಗೆ ಬರುತ್ತಿದೆ, ರೆಡ್ ಅಲರ್ಟ್ ಇದೆ ಅಂತಾದರೆ ಹೋಗುವಂತಿಲ್ಲ. ಟಿಕೆಟಿನ ದುಡ್ಡು ಹೋದರೂ ಸರಿ. ವೀಸಾ ಶುಲ್ಕ 90 ಯೂರೊ ಹೇಗೂ ವಾಪಸ್ ಬರುವಂಥದ್ದಲ್ಲ. ಈ ಮಾತಿಗೆ ಅವರು ಈಗ, ಬಿಸಿಲಿರುವಾಗ, ಹೂಂ ಅನ್ನಬೇಕು. ಮಳೆ ಶುರುವಾದ ಮೇಲೆ ಚರ್ಚೆಗೆ ಕೂತರೆ ಇಬ್ಬರೂ ಕೂಗಾಡುತ್ತೀರಿ. ಅಂಥ ಮಳೆಯಲ್ಲಿ ವಿಮಾನವೂ ಏಳುವುದಿಲ್ಲ ಎಂಬುದನ್ನು ನೆನಪಿಸಿ. 2015ರಲ್ಲಿ ಚೆನ್ನೈ ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತ್ತು, ಮಿಚಾಂಗ್ ಬಂದಾಗ ಮುಚ್ಚಿತು, 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಬಂದಾಗಲೂ ಮುಚ್ಚಿತು. ಹೋದವರು ಸೋಮವಾರ ಬಂದೇ ಬರುತ್ತಾರೆ ಎಂಬ ಖಾತರಿ ಯಾವ ಟಿಕೆಟಿನಲ್ಲೂ ಇಲ್ಲ. ಅವರು ಆಕಾಶದಲ್ಲಿದ್ದಾಗ ಮಳೆ ಹಿಡಿದರೆ ನೀವು ಯಾರಿಗೆ ಫೋನ್ ಮಾಡಬೇಕು? ಕಾರ್ಪೊರೇಷನ್ನಿನ ಸಹಾಯವಾಣಿ 1913 ಇದೆ, ಸರಿ. ಆದರೆ ಕರೆದರೆ ಬರುವ ಒಬ್ಬ ಮನುಷ್ಯನ ಹೆಸರು ಬೇಕು. ಆ ಮನುಷ್ಯನಿಗೆ ನಿಮ್ಮ ಯಜಮಾನರು ಮೊದಲೇ ಹೇಳಿಟ್ಟಿರಬೇಕು.

"ಹಾಗಾದರೆ ನೀನೂ ಬಾ" ಎಂದರಲ್ಲ, ಅದನ್ನು ಆಹ್ವಾನ ಎಂದು ಲೆಕ್ಕಕ್ಕೆ ತಗೊಳ್ಳಬೇಡಿ, ಅವಮಾನ ಎಂದೂ ತಗೊಳ್ಳಬೇಡಿ. ಬಾಯಿಗೆ ಬಂದ ಮಾತು. ನೀವು ಹೊರಟರೆ ಅತ್ತೆ, ಮಗ ಯಾರ ಪಾಲಿಗೆ ಎಂದು ಅವರು ಯೋಚಿಸಿಯೇ ಇಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುವುದು.

ದುಡ್ಡಿನ ಬಗ್ಗೆ ನೀವು ಹೆಚ್ಚು ಹೇಳಿಲ್ಲ, ನಾನೂ ಹೇಳುವುದಿಲ್ಲ. ಒಂದೇ ಪ್ರಶ್ನೆ ಕೇಳಿ: ಯಾವ ಖಾತೆಯಿಂದ? ಅವರ ಸ್ವಂತ ಉಳಿತಾಯದಿಂದ ಆದರೆ ಅದು ಅವರ ಹಕ್ಕು. ಮಗನ ಫೀಸಿಗೋ ಮನೆಯ ಕಂತಿಗೋ ಎತ್ತಿಟ್ಟದ್ದರಿಂದ ಆದರೆ, ಯಾವ ತಿಂಗಳೊಳಗೆ ಅದು ಮತ್ತೆ ತುಂಬುತ್ತದೆ ಎಂದು ಹೇಳಿ ಹೋಗಲಿ. ಟೂರ್ ಪ್ಯಾಕೇಜಿನಲ್ಲಿ ಹೋಗುತ್ತಿದ್ದರೆ ಟಿಸಿಎಸ್ ತೆರಿಗೆ ಅಂತ ಒಂದಿಷ್ಟು ಹಿಡಿಯುತ್ತಾರೆ. ಅದು ಖರ್ಚಲ್ಲ, ರಿಟರ್ನ್ ಸಲ್ಲಿಸುವಾಗ ಹೊಂದಿಕೆಯಾಗುತ್ತದೆ. ಆ ದುಡ್ಡನ್ನೂ ಸೇರಿಸಿ ಜಗಳ ಮಾಡಬೇಡಿ. ಅತ್ತೆ "ಎಷ್ಟು ದುಡೀತಾನೆ" ಅಂದಾಗ "ಹೌದತ್ತೆ, ಇಬ್ಬರೂ ದುಡೀತೀವಿ" ಅನ್ನಿ, ನಗುತ್ತಲೇ. ಅದಕ್ಕಿಂತ ಹೆಚ್ಚು ಬೇಡ. ಕುರ್ಚಿಯಲ್ಲಿ ಕೂತು ಮೇಲೆ ಹೋದವರು ಅವರೇ. ನೀವು ಏನು ಮಾಡಿದಿರಿ ಎಂಬುದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತು.

ವೀಸಾಗೆ ಬೆರಳಚ್ಚು ಕೊಟ್ಟು ಬಂದ ಮೇಲೆ ಹೇಳಿದರು ಎಂಬುದು ತಪ್ಪೇ. ಅದನ್ನು ತಪ್ಪು ಎಂದೇ ಹೇಳಿ. ಆದರೆ ಈ ಸಲದ ಮಾತುಕತೆಯಲ್ಲಿ ಅದಕ್ಕೆ ಎರಡನೇ ಜಾಗ. ಬೇಸ್‌ಮೆಂಟಿನ ಮಾತು ಒಮ್ಮೆ ಆಚೆ ಬಂದರೆ, ಮುಂದಿನ ಸಲ ಅವರು ಟಿಕೆಟ್ ನೋಡುವ ಮೊದಲೇ ನಿಮ್ಮ ಹತ್ತಿರ ಬಂದು ಕೂರುವ ಸಾಧ್ಯತೆ ಹೆಚ್ಚು.

ಇನ್ನು ಕೋಮೋ ಸರೋವರ. ಇಲ್ಲಿ ನಿಮ್ಮ ಭಯಕ್ಕೆ ನನ್ನ ಪೂರ್ತಿ ಬೆಂಬಲ. ನವೆಂಬರ್‌ನಲ್ಲಿ ಆ ಕಡೆ ಐದು ಗಂಟೆಗೆಲ್ಲ ಕತ್ತಲು, ಮಿಲಾನಿನ ಬಯಲಿನಲ್ಲಿ ದಟ್ಟ ಮಂಜು, ರಸ್ತೆಯ ಬಲಗಡೆಗೆ ಓಡಿಸಬೇಕು, ಮೇಲಿಂದ ಎರಡು ದಿನದ ನಿದ್ದೆಗೆಟ್ಟ ಕಣ್ಣು. ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿದ್ದಾರಾ ಕೇಳಿ. ವೀಸಾಗೆಂದು ಮಾಡಿಸಿದ 30,000 ಯೂರೊ ವಿಮೆಯ ಷರತ್ತುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. ಬೈಕ್ ಓಡಿಸುವಾಗ ಆದ ಅಪಘಾತಕ್ಕೆ ದುಡ್ಡು ಕೊಡುವುದಿಲ್ಲ, ಅಥವಾ ಇಷ್ಟು ಸಿಸಿಗಿಂತ ಹೆಚ್ಚಿನ ಗಾಡಿಗೆ ಕೊಡುವುದಿಲ್ಲ ಎಂಬ ಸಾಲು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಓದಿ ಮುಗಿಸುವಷ್ಟರಲ್ಲಿ ಅರ್ಧ ಉತ್ಸಾಹ ಇಳಿದಿರುತ್ತದೆ.

ಉಳಿದರ್ಧಕ್ಕೆ ಮಾಂಡೆಲ್ಲೊ ಎಂಬ ಊರಿನ ಹೆಸರು ಹೇಳಿ. ಅದೇ ಸರೋವರದ ದಂಡೆಯಲ್ಲಿದೆ. ಮೋಟೊ ಗುಟ್ಸಿ ಬೈಕ್ ಕಂಪನಿ 1921ರಲ್ಲಿ ಹುಟ್ಟಿದ ಊರು ಅದು, ಕಾರ್ಖಾನೆ ಇಂದಿಗೂ ಅಲ್ಲೇ ಇದೆ. ನಿಮ್ಮ ಯಜಮಾನರಿಗೆ ಇದು ಗೊತ್ತೇ ಇರುತ್ತದೆ, ನಿಮಗೂ ಗೊತ್ತು ಎಂಬುದು ಅವರಿಗೆ ಆಶ್ಚರ್ಯವಾಗಬಹುದು. ಮಿಲಾನಿನ ಮುಖ್ಯ ನಿಲ್ದಾಣದಿಂದ ಲೆಕ್ಕೊ ಕಡೆಯ ರೈಲು ಹತ್ತಿದರೆ ಸರೋವರದ ಅಂಚಿನಲ್ಲೇ ಸಾಗಿ ಆ ಊರಿಗೆ ತಲುಪುತ್ತದೆ. ನಾಲ್ವರೂ ಕಿಟಕಿ ಪಕ್ಕ ಕೂತು ಹೋಗಿಬರಲಿ. ಬೈಕ್ ಬಾಡಿಗೆಯ ಮುಂಗಡ ಕಟ್ಟಿಲ್ಲ ತಾನೇ? ಕಟ್ಟಿದ್ದರೆ ಈ ವಾರವೇ ರದ್ದು ಮಾಡಿಸಿ.